ಜಾಗಟೆ ಕೆಳಗಿಟ್ಟ ಬೆಳಗು

ನನ್ನ ಅತ್ತೆಯವರು ದೋಣಿ ಹತ್ತಿದರೆಂದರೆ ಜಾಗಟೆ ಅವರ ತೊಡೆಯ ಮೇಲೆಯೇ. ಮದುವೆಯ ದಿಬ್ಬಣ ಹೊಳೆಯ ಮೇಲಕ್ಕೆ ಹೊರಟಾಗ, ನೀರು ತೆಳ್ಳಗಿರುವ ಕಡೆ ಎಲ್ಲರೂ ಇಳಿದು ದೋಣಿಯನ್ನು ಬಂಡೆಗಳ ಸಂದಿನಲ್ಲಿ ನೂಕಬೇಕಾಗುತ್ತದೆ. ಮದುಮಗನೇ ಇಳಿದರೂ ಅವರು ಇಳಿಯುವುದಿಲ್ಲ. ಹಲ್ಲು ಕಚ್ಚಿ ಕೂತು ಬಾರಿಸುತ್ತಲೇ ಇರುತ್ತಾರೆ. ಒಮ್ಮೆ ದೋಣಿ ಮಗುಚಿ, ಎದೆಮಟ್ಟದ ನೀರಿನಲ್ಲಿ ನಿಂತಾಗಲೂ ಜಾಗಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು ಬಾರಿಸಿದರಂತೆ. "ಇಂದಾಯ್ ಉಂಜ ಬಂದ್ರೆ ಹಕ್ಕಿಗಳೇ ಕಿವಿ ಮುಚ್ಕೊಂಡು ಬೇರೆ ಹೊಳೆಗೆ ಹೋಗ್ತಾವೆ" ಎಂದು ಒಂದೇ ಸೂರಿನಡಿ ಊರೇ ಬಾಳುವ ನಮ್ಮ ಉದ್ದಮನೆಯ ಗಂಡಸರು ಆಡಿಕೊಳ್ಳುತ್ತಾರೆ.

ಬಾರಿಸುವುದೇ ಅದಕ್ಕೆ. ಒಳ್ಳೆಯ ಕೆಲಸಕ್ಕೆ ಹೊರಟಾಗ ಬೇಡದ ಹಕ್ಕಿ ಬೇಡದ ದಿಕ್ಕಿನಿಂದ ಕೂಗಿದರೆ ಹಿಂದಿರುಗಬೇಕು. ಕೂಗಿದ್ದು ಕಿವಿಗೇ ಬೀಳದಿದ್ದರೆ ಕೂಗಿಲ್ಲವೆಂದೇ ಲೆಕ್ಕ. ನಾನು ಸಿಬು ಪೇಟೆಯ ಮಿಷನ್ ಶಾಲೆಯಲ್ಲಿ ಓದಿ ಬಂದವಳು. ಮೊದಮೊದಲು ನಗು ಬರುತ್ತಿತ್ತು. ಈಗ ಬರುವುದಿಲ್ಲ. ನನ್ನ ಮಗುವಿನ ಎದೆ ಗೊರಗೊರ ಎನ್ನುವಾಗ ಅದು ಕೇಳದಿರಲಿ ಎಂದು ನಾನೂ ರೇಡಿಯೋ ಜೋರು ಮಾಡಿದ್ದುಂಟು.

ಅವರ ಹೆಸರು ಲುಲೋಂಗ್. ಆದರೆ ನಮ್ಮ ಇಬಾನರಲ್ಲಿ ಮಗು ಹುಟ್ಟಿದ ಮೇಲೆ ತಾಯಿಯ ಹೆಸರು ಯಾರಿಗೂ ನೆನಪಿರುವುದಿಲ್ಲ. ಎಲ್ಲರಿಗೂ ಅವರು ಇಂದಾಯ್ ಉಂಜ, ಉಂಜನ ಅವ್ವ. ಉಂಜ ನನ್ನ ಗಂಡ. ನನಗೆ ಅವರು ಬರಿಯ ಇಂದಾಯ್.

ಇಂದಾಯ್ ಹುಟ್ಟಿದ್ದು ಈಗಿನ ಮನೆಯಲ್ಲಲ್ಲ, ಸೆಂಪಾಯ ಹೊಳೆಯಲ್ಲಿ ಅರ್ಧ ದಿನದ ದೋಣಿದಾರಿಯಷ್ಟು ಮೇಲಿದ್ದ ಹಳೆಯ ಮನೆಯಲ್ಲಿ. ಅವರು ಸಣ್ಣವರಿದ್ದಾಗಲೇ ಶಾಲೆ, ದವಾಖಾನೆ ಹತ್ತಿರವಾಗಲೆಂದು ಇಡೀ ಮನೆ ಕಂಬ ಹಲಗೆಗಳ ಸಮೇತ ಕೆಳಕ್ಕೆ ಬಂತು. ಹಳೆಯ ಜಾಗದಲ್ಲಿ ಈಗ ಮನೆಯ ಗುರುತಿಲ್ಲ. ಅಜ್ಜಂದಿರು ನೆಟ್ಟ ದುರಿಯನ್ ಹಣ್ಣಿನ ಮರಗಳಿವೆ, ಕಾಯಿಯಿಂದ ಎಣ್ಣೆ ತೆಗೆಯುವ ಎಂಗ್ಕಬಾಂಗ್ ಮರಗಳಿವೆ. ಅಂಥ ಬಿಟ್ಟುಬಂದ ಜಾಗಕ್ಕೆ ತೆಂಬಾವಾಯ್ ಎನ್ನುತ್ತೇವೆ. ದುರಿಯನ್ ಉದುರುವ ಕಾಲಕ್ಕೆ ಇಂದಾಯ್ ಅಲ್ಲಿಗೆ ಹೋಗಿ ಗುಡಿಸಲು ಹಾಕಿಕೊಂಡು ಕೂತರೆ ಕರೆದರೂ ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಅಲ್ಲಿಗೆ ಹೋದಾಗ ಇಲ್ಲೇನಿದೆ ಎಂದು ನಾನು ಕೇಳಿದ್ದೆ. ಹುತ್ತದ ಹಾಗೆ ಎದ್ದಿದ್ದ ಒಂದು ಮಣ್ಣಿನ ಗುಪ್ಪೆಯ ಕಡೆ ಗದ್ದ ಎತ್ತಿ, "ನಮ್ಮ ಒಲೆ" ಎಂದರು.

ಪ್ರಾಯಕ್ಕೆ ಬಂದಾಗ ಗಾರಾಯ್ ಎಂಬ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಪಕ್ಕದ ಹೊಳೆಯವನು. ನಾನಾಗಿ ಯಾವತ್ತೂ ಕೇಳಿದ್ದಲ್ಲ. ಅವರೇ ಒಂದು ದಿನ ಮೀನಿನ ಹೊಟ್ಟೆ ಬಗೆಯುತ್ತ ಹೇಳಿದರು. ನಕ್ಕರೆ ಅವನ ಒಂದು ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತಂತೆ. ದಿಬ್ಬಣ ಹೊರಟಿತು. ಇವರ ಅಣ್ಣ ಜಾಗಟೆ ಬಾರಿಸುತ್ತಿದ್ದ. ಮಳೆಯಿಲ್ಲದ ತಿಂಗಳು, ಬಂಡೆಗಳ ಹತ್ತಿರ ದೋಣಿ ತಳ ಹಿಡಿಯಿತು. ಅಣ್ಣನೂ ಜಾಗಟೆ ಕೆಳಗಿಟ್ಟು ನೂಕಲು ಇಳಿದ. ಅಷ್ಟೇ ಹೊತ್ತು. ಆ ಸದ್ದಿಲ್ಲದ ಗಳಿಗೆಯಲ್ಲಿ ಎಡದಂಡೆಯ ಕಾಡಿನಿಂದ ಎಂಬುವಾಸ್ ಸಿಳ್ಳೆ ಹಾಕಿತು. ಅದು ಮಿಂಚುಳ್ಳಿಯ ಜಾತಿಯದೇ, ಆದರೆ ಹೊಳೆಗೆ ಬಾರದೆ ಕಾಡಿನ ಕತ್ತಲಲ್ಲೇ ಕೂತಿರುವ ಹಕ್ಕಿ. ಬಲಗಡೆಯಿಂದ ಕೂಗಿದರೆ ಶುಭ, ಎಡಗಡೆಯಿಂದ ಕೂಗಿದರೆ ಹಿಂದಿರುಗಬೇಕು. ಮೊದಲ ಸಿಳ್ಳೆಗೇ ಹಿರಿಯರು ದೋಣಿ ತಿರುಗಿಸಿದರು. ಅಣ್ಣ ಎಡವಿ ಬಿದ್ದು ಎದ್ದು ಬಂದು ಜಾಗಟೆಗೆ ಹೊಡೆದನಂತೆ, ಆದರೆ ಕೇಳಿದ್ದು ಕೇಳಿಯಾಗಿತ್ತು. ಇನ್ನೊಂದು ಒಳ್ಳೆಯ ದಿನ ಹುಡುಕುವಷ್ಟರಲ್ಲಿ ಗಾರಾಯ್ ಕಡಲಾಚೆಯ ಎಣ್ಣೆಬಾವಿಗಳ ಕೆಲಸಕ್ಕೆ ಹೋಗಿಬಿಟ್ಟ. ಬರುತ್ತೇನೆಂದು ಹೇಳಿಕಳಿಸಿದ್ದ. ಬರಲಿಲ್ಲ. ಮದುವೆಗೆಂದು ಇಂದಾಯ್ ನೇಯುತ್ತಿದ್ದ ಹೊದಿಕೆಯನ್ನು ಮಗ್ಗದ ಮೇಲೆಯೇ ಇಲಿ ಕಡಿಯಿತು.

ಆಮೇಲೆ ಉಂಜನ ಅಪ್ಪನ ಕೈಹಿಡಿದರು. ಒಳ್ಳೆಯ ಮನುಷ್ಯ, ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡರು. ಆ ಮದುವೆಯ ದೋಣಿಯಲ್ಲಿ ಜಾಗಟೆ ಬಾರಿಸಿದವಳು ಮದುಮಗಳೇ.

ನನ್ನ ಮಗಳು ಎಲ್ವಿನಾ ಹುಟ್ಟಿದಾಗ ಇಂದಾಯ್ ಅದೇ ಒಲೆಯ ಜಾಗದಿಂದ ಒಂದು ಹಿಡಿ ಮಣ್ಣು ತಂದು ತೊಟ್ಟಿಲ ಕೆಳಗೆ ಇಟ್ಟರು. ಧೂಳಿನಿಂದ ಮಗುವಿಗೆ ಕೆಮ್ಮು ಬರುತ್ತದೆಂದು ನಾನು ಗುಡಿಸಿ ಹಾಕಿದೆ. ಅವರು ಮಾರನೆಯ ದಿನ ಮತ್ತೆ ತಂದರು, ಈ ಸಲ ಡಬ್ಬಿಯಲ್ಲಿ.

ಕೆಮ್ಮು ಬಂದೇ ಬಂತು. ಎದೆ ಕಟ್ಟುವ ರೋಗ. ವಿಚಿತ್ರವೆಂದರೆ ಮೇಲ್ಹೊಳೆಯ ಗಾಳಿಯಲ್ಲಿ ಅವಳು ಮುಕ್ಕಾಲು ಪಾಲು ಸುಖವಾಗಿಯೇ ಇರುತ್ತಾಳೆ, ಸಿಬುವಿನಲ್ಲಿ ಲಾರಿಗಳ ಹೊಗೆಗೆ ಪದೇಪದೇ ಕಟ್ಟುತ್ತದೆ. ಆದರೆ ಉಳಿದ ಆ ಕಾಲು ಪಾಲೇ ತಾಯಿಯಾದವಳ ನಿದ್ದೆ ತಿನ್ನುವುದು. ಉದ್ದಮನೆಯಲ್ಲಿ ಕರೆಂಟಿಲ್ಲ. ಸೌರಫಲಕ ಕೊಟ್ಟಿದ್ದರು, ಬ್ಯಾಟರಿಗಳು ಎರಡು ಮಳೆಗಾಲಕ್ಕೆ ಸತ್ತವು. ಡೀಸೆಲ್ ಇದ್ದ ದಿನ ಜನರೇಟರ್, ಅದೂ ಸಂಜೆಯ ಹೊತ್ತು. ಒಮ್ಮೆ ಮಗುವಿನ ಮುಖಕ್ಕೆ ನೆಬ್ಯುಲೈಸರ್ ಹಿಡಿದಿದ್ದಂತೆಯೇ ಜನರೇಟರ್ ಕೆಮ್ಮಿ ನಿಂತಿತು. ಯಂತ್ರವೂ ನಿಂತಿತು. ಉಂಜ ದೋಣಿಯ ಡೀಸೆಲ್ ತಂದು ಸುರಿದು ಮತ್ತೆ ಚಾಲೂ ಮಾಡುವವರೆಗೆ ನಾನು ಏನು ಮಾಡಿದೆನೋ ನೆನಪಿಲ್ಲ. ಇಂದಾಯ್ ಅವಳ ಬೆನ್ನಿಗೆ ಅಂಗೈ ಇಟ್ಟು, ಅವಳ ಜೊತೆಗೆ ತಾವೂ ಉಸಿರು ಎಳೆಯುತ್ತಿದ್ದದ್ದು ಮಾತ್ರ ನೆನಪಿದೆ.

ಆ ವಾರವೇ ನಾನು ಮಗುವನ್ನು ಕಟ್ಟಿಕೊಂಡು ಸಿಬುವಿಗೆ ಬಂದೆ. ಅಂಗಡಿಯೊಂದರ ಮೇಲೆ ಬಾಡಿಗೆಯ ಕೋಣೆ. ಗೋಡೆಯಲ್ಲಿ ಕರೆಂಟಿದೆ, ಕಿಟಕಿ ತೆಗೆದರೆ ಹೊಗೆ ಇದೆ. ಉಂಜ ಮೆಣಸಿನ ತೋಟ ಬಿಟ್ಟು ಬರಲಾರ, ತಿಂಗಳಿಗೊಮ್ಮೆ ಬಂದುಹೋಗುತ್ತಾನೆ. ಭಾನುವಾರ ಇಂದಾಯ್ ಪ್ರಾರ್ಥನೆ ಮುಗಿಸಿ, ಸಿಗ್ನಲ್ ಸಿಗುವ ಗುಡ್ಡ ಹತ್ತಿ ಮಗನ ಫೋನಿನಲ್ಲಿ ಮಾತಾಡುತ್ತಾರೆ. ಎಲ್ವಿನಾಳ ಚಾಪೆಯನ್ನು ಅವರು ಸುತ್ತಿ ಇಟ್ಟಿಲ್ಲವೆಂದು ಉಂಜ ಹೇಳಿದ. ತಮ್ಮ ಚಾಪೆಯ ಪಕ್ಕದಲ್ಲಿ ದಿನಾ ಹಾಸುತ್ತಾರೆ, ಬೆಳಗ್ಗೆ ಕೊಡವುತ್ತಾರೆ, ಯಾರೋ ಮಲಗೆದ್ದ ಹಾಗೆ.

ಹಾಗಿರುವಾಗ ಅಣೆಕಟ್ಟಿನ ಸುದ್ದಿ ಬಂತು. ನಮ್ಮ ಮನೆಗೂ ತೆಂಬಾವಾಯ್‌ಗೂ ನಡುವೆ ಸೆಂಪಾಯಕ್ಕೆ ಕಟ್ಟೆ ಕಟ್ಟಿ ಕರೆಂಟು ತೆಗೆಯುವುದು, ಮೇಲ್ಹೊಳೆಯ ಉದ್ದಮನೆಗಳಿಗೆಲ್ಲ ತಂತಿ ಎಳೆಯುವುದು. ಹಗಲೂ ರಾತ್ರಿ ಕರೆಂಟು. ಮನೆಯ ಹಿರಿಯಜ್ಜ ಅಕಿ ಜಂಪಿ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿ, ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ವಿವರಿಸಿದರಂತೆ. ತೆಂಬಾವಾಯ್ ಪೂರ್ತಿ ಮುಳುಗುತ್ತದೆ. ದುರಿಯನ್ ಹೋಯಿತಲ್ಲ ಎಂದು ಕೆಲವರು ಗೊಣಗಿದರು, ಟಿ.ವಿ. ಬರುತ್ತದಲ್ಲ ಎಂದು ಕೆಲವರು. ಎಲ್ಲರೂ ಇಂದಾಯ್ ಕಡೆ ನೋಡಿದರು. ಅಲ್ಲಿ ಒಲೆ ಇಟ್ಟುಕೊಂಡವರು ಅವರೇ ತಾನೆ. ಅವರು ಎಲೆಯಡಿಕೆ ಉಗಿದು ಬಂದು ಅಂದದ್ದು ಇಷ್ಟೇ: "ನೀರು ಬರ್ಲಿ. ಮಗು ಬರ್ಲಿ."

ಫೋನಿನಲ್ಲಿ ಉಂಜ ಇದನ್ನು ಹೇಳಿದಾಗ ನನಗೆ ಸಂತೋಷಕ್ಕಿಂತ ಹೆಚ್ಚು ಹೆದರಿಕೆಯಾಯಿತು. ಅಷ್ಟು ದೊಡ್ಡದನ್ನು ಒಬ್ಬರು ನಮಗಾಗಿ ಬಿಟ್ಟುಕೊಟ್ಟರೆ, ಮುಂದೆ ಮಗುವಿಗೆ ಒಂದು ಕೆಮ್ಮು ಬಂದರೂ ನಾನು ಉತ್ತರ ಕೊಡಬೇಕಲ್ಲ ಎನ್ನಿಸಿತು.

ಕಟ್ಟುವ ಮೊದಲು ಕಾಡು, ಹೊಳೆ, ಮೀನು, ಹಕ್ಕಿ ಎಲ್ಲವನ್ನೂ ಪರೀಕ್ಷಿಸಿ ವರದಿ ಕೊಡಬೇಕೆಂದು ಕಾಯಿದೆ. ಸುಗ್ಗಿಹಬ್ಬ ಮುಗಿದ ಮೇಲೆ ಕುಚಿಂಗ್ ನಗರದಿಂದ ನೋರಿಟಾ ಎಂಬ ಹುಡುಗಿ ತನ್ನ ಜೊತೆಯವರೊಂದಿಗೆ ಬಂದಳು. ಹಬ್ಬಕ್ಕೆಂದು ಹೋಗಿದ್ದ ನಾನೂ ಮಗುವೂ ಇನ್ನೂ ಅಲ್ಲೇ ಇದ್ದೆವು. ಅವಳ ಬಳಿ ಅಂಗೈಯಗಲದ ಪೆಟ್ಟಿಗೆಗಳಿದ್ದವು. ಮರಕ್ಕೆ ಕಟ್ಟಿದರೆ ಬೆಳಗಿನ ಹೊತ್ತು ತಾವಾಗಿಯೇ ಹಕ್ಕಿಗಳ ದನಿ ಹಿಡಿದಿಡುತ್ತವೆ. ಹೊಳೆಯುದ್ದಕ್ಕೂ, ತೆಂಬಾವಾಯ್‌ವರೆಗೂ, ಕಟ್ಟಿಬಂದಳು. ಅಕಿ ಜಂಪಿಗೆ ಅವಳ ಕೆಲಸ ಬಹಳ ಮೆಚ್ಚುಗೆಯಾಯಿತು. ಪೇಟೆಯವರಿಗೂ ಈಗ ಬುದ್ಧಿ ಬಂತು, ನಮ್ಮ ಹಾಗೆ ಹಕ್ಕಿಯನ್ನು ಕೇಳಿಯೇ ಕಟ್ಟುತ್ತಾರೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದರು.

ಆ ಮಾತು ಇಂದಾಯ್ ಕಿವಿಗೂ ಬಿತ್ತು. ಹಕ್ಕಿಯನ್ನು ಕೇಳಲು ಬಂದಿದ್ದಾರೆಂದರೆ, ಹಕ್ಕಿ ಬೇಡವೆಂದರೆ?

ಮಾರನೆಯ ಬೆಳಗ್ಗೆ ಇನ್ನೂ ಮಂಜು ಹರಿದಿರಲಿಲ್ಲ, ಹೊಳೆಯ ಮೆಟ್ಟಿಲಿನಿಂದ ಜಾಗಟೆ ಶುರುವಾಯಿತು. ನೋರಿಟಾ ಕಣ್ಣುಜ್ಜಿಕೊಂಡು ಎದ್ದು, ತನಗೆ ಸ್ವಾಗತವೆಂದುಕೊಂಡು ಕೈಮುಗಿದಳು. ಅದರ ಮಾರನೆಯ ದಿನವೂ ಶುರುವಾಯಿತು. ಇಂದಾಯ್ ಮೆಣಸಿನ ತೋಟ ನೋಡುವ ನೆಪದಲ್ಲಿ ದೋಣಿಯಲ್ಲಿ ಮೇಲೆ ಮೇಲೆ ಹೋಗಿ, ಎಲ್ಲೆಲ್ಲಿ ಪೆಟ್ಟಿಗೆ ಕಟ್ಟಿತ್ತೋ ಅಲ್ಲೆಲ್ಲ ದೋಣಿ ನಿಲ್ಲಿಸಿ ಬಾರಿಸಿದರು. ನೆರೆಯ ಹೆಂಗಸರೂ ಸರದಿಯ ಮೇಲೆ ಕೈಕೊಟ್ಟರು. ಕರೆಂಟು ಬೇಕಾದದ್ದು ಅವರಿಗೂ ತಾನೆ. ನೋರಿಟಾ ಸಂಕೋಚದ ಹುಡುಗಿ. ಅತಿಥಿಯಾಗಿ ಉಂಡ ಮನೆಯಲ್ಲಿ ನಿಮ್ಮ ಪೂಜೆ ನಿಲ್ಲಿಸಿ ಎಂದು ಹೇಗೆ ಹೇಳುವುದೆಂದು ಸುಮ್ಮನಿದ್ದಳು. ನಾವೂ ಹೇಳಲಿಲ್ಲ, ಹೇಳಬೇಕಾದದ್ದೇನೋ ಇದೆಯೆಂದು ಯಾರಿಗೂ ತೋಚಲೇ ಇಲ್ಲ. ಹೊರಡುವ ದಿನ ಅಕಿ ಜಂಪಿ ಅವಳ ಕೈಗೆ ಬಿದಿರಿನಲ್ಲಿ ಬೇಯಿಸಿದ ಕೋಳಿ ಕೊಟ್ಟು, ಹೆಮ್ಮೆಯಿಂದ, "ಒಂದ್ ಹಕ್ಕಿನೂ ಅಡ್ಡ ಕೂಗ್ಲಿಲ್ಲ ನೋಡಮ್ಮ. ಕೆಲಸ ಸಲೀಸು" ಎಂದರು. ಅವಳ ಮುಖ ಸಪ್ಪಗಿತ್ತು. ಕೋಳಿಗೆ ಉಪ್ಪು ಹೆಚ್ಚಾಗಿರಬೇಕೆಂದು ನಾನು ಅಂದುಕೊಂಡೆ.

ವರದಿ ಒಪ್ಪಿಗೆಯಾಗದೆ ವಾಪಸ್ಸು ಬಂತು. ಪೆಟ್ಟಿಗೆಗಳ ತುಂಬ ಜಾಗಟೆಯೇ ಇತ್ತಂತೆ. ಹಕ್ಕಿಗಳ ಅಧ್ಯಯನ ಮತ್ತೆ ಆಗಬೇಕು, ಅದೇ ಕಾಲದಲ್ಲಿ, ಅಂದರೆ ಮುಂದಿನ ವರ್ಷ. ಸುದ್ದಿ ಅಷ್ಟಕ್ಕೇ ನಿಲ್ಲಲಿಲ್ಲ. ಸೆಂಪಾಯದ ಹೆಂಗಸರು ಅಣೆಕಟ್ಟು ಬೇಡವೆಂದು ಜಾಗಟೆ ಬಾರಿಸಿ ಪ್ರತಿಭಟಿಸಿದರು ಎಂದು ಮಾತು ಹಬ್ಬಿತು. ಕಾಡು ಉಳಿಸುವ ಸಂಘದವರು ಯಾರೋ ದೋಣಿ ಮಾಡಿಕೊಂಡು ಬಂದು ಇಂದಾಯ್‌ಗೆ ಶಾಲು ಹೊದಿಸಿ ಫೋಟೋ ತೆಗೆದುಕೊಂಡರು. ಶಾಲು ಯಾಕೆಂದು ಅವರಿಗೆ ತಿಳಿಯುವಷ್ಟರಲ್ಲಿ ದೋಣಿ ಹೊರಟಾಗಿತ್ತು. ಉಂಜ ಬಿಡಿಸಿ ಹೇಳಿದಾಗ ಅವರು ದಂಡೆಯಲ್ಲೇ ಕೂತುಬಿಟ್ಟರಂತೆ.

"ಬೇಡ ಅಂತ ಅಲ್ವಲ್ಲೋ. ಬರ್ಲಿ ಅಂತ ಬಾರಿಸಿದ್ದು."

ಆ ವರ್ಷ ನನಗೆ ಎಲ್ಲರ ಮೇಲೂ ಸಿಟ್ಟು. ಕಾಡು ಸುಡುವ ಬೆಂಕಿಯ ತಿಂಗಳು ಬಂದು ಸಿಬುವಿನ ಮೇಲೆ ಹೊಗೆ ಮುಸುಕಿದಾಗ ಕಿಟಕಿಯ ಸಂದಿಗೆ ಒದ್ದೆ ಟವೆಲ್ ತುರುಕಿ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು, ಮನಸ್ಸಿನಲ್ಲೇ ಒಬ್ಬೊಬ್ಬರನ್ನೂ ಬಯ್ಯುತ್ತಿದ್ದೆ. ಯಾವುದೋ ಹಕ್ಕಿಗಾಗಿ ನನ್ನ ಮಗಳು ಇನ್ನೊಂದು ವರ್ಷ ಈ ಹೊಗೆ ಕುಡಿಯಬೇಕೇ? ಆಮೇಲೆ, ಆ ಕಾಡೇ ಮುಳುಗಿಹೋದರೆ ಅವಳ ಎದೆಗೆ ಹಿತವಾದ ಆ ಗಾಳಿ ಎಲ್ಲಿಂದ ಬಂದೀತು ಎಂದು ತೋರುತ್ತಿತ್ತು. ಎರಡು ಯೋಚನೆಗಳೂ ಒಂದೇ ತಲೆಯಲ್ಲಿ ಕೂತು ಜಗಳವಾಡುತ್ತಿದ್ದವು. ಇಂದಾಯ್ ಮೇಲೆ ಮಾತ್ರ ಸಿಟ್ಟು ಬಾಯಿಗೆ ಬರಲಿಲ್ಲ. ಭಾನುವಾರದ ಫೋನಿನಲ್ಲಿ ಅವರು ಮೊದಲು ಕೇಳುತ್ತಿದ್ದದ್ದು, "ಎಲ್ವಿನಾ ಅವ್ವ, ಮಗು ಬಯ್ಯತ್ತೇನೇ ನನ್ನ?" ಎಂದು. ಮಗುವಿಗೆ ಏನು ಗೊತ್ತು? ಅದು ಅಲ್ಲಿಯ ನಾಯಿಮರಿಯ ಯೋಗಕ್ಷೇಮ ವಿಚಾರಿಸುತ್ತಿತ್ತು.

ಮರುವರ್ಷ ನೋರಿಟಾ ಬರುವ ಮುಂಚೆ ಜಗಲಿಯಲ್ಲಿ ಮತ್ತೆ ಸಭೆ ಸೇರಿತು. ಈ ಸಲ ನಾನೂ ಇದ್ದೆ. ಆ ತಂಡದವರು ಇರುವಷ್ಟು ದಿನ ಯಾರೂ ಜಾಗಟೆ ಮುಟ್ಟಕೂಡದೆಂದು ಅಕಿ ಜಂಪಿ ಅಪ್ಪಣೆ ಮಾಡಿದರು. ಹಾಗಾದರೆ ಕೆಟ್ಟ ಹಕ್ಕಿ ಕೂಗಿದರೆ ಕೆಲಸ ನಿಂತೇಹೋಯಿತಲ್ಲ ಎಂದು ಇಂದಾಯ್ ನೆಲ ನೋಡುತ್ತ ಕೇಳಿದರು. ಅಕಿ ಜಂಪಿ ಹುಬ್ಬು ಗಂಟಿಕ್ಕಿ, "ಇಂದಾಯ್ ಉಂಜ, ನಿನಗೆ ಮರೆತೋಯ್ತಾ? ನಮ್ಮಜ್ಜಂದಿರು ಹಕ್ಕಿ ಬೇಡ ಅಂದ್ರೆ ಮನೆ ಕಟ್ಟೋದು ಬಿಡ್ತಿದ್ರಾ? ಜಾಗ ಬಿಡ್ತಿದ್ರು. ಆಚೆ ದಿಣ್ಣೆ ನೋಡ್ತಿದ್ರು" ಎಂದರು. ಯಾರೋ ಹಿಂದಿನಿಂದ, "ಆಚೆ ದಿಣ್ಣೆ ನೋಡೋಷ್ಟರಲ್ಲಿ ನಮ್ಮ ಹಲ್ಲು ಉದುರತ್ತೆ" ಎಂದರು. ಎಲ್ಲರೂ ನಕ್ಕರು. ಇಂದಾಯ್ ನಗಲಿಲ್ಲ. ಎದ್ದು ಒಳಗೆ ಹೋಗಿ ಜಾಗಟೆಯ ಕೋಲನ್ನು ತಂದು ನನ್ನ ಕೈಗೆ ಕೊಟ್ಟರು. ತಮ್ಮ ಕೈಯಲ್ಲಿದ್ದರೆ ಕೈ ಕೇಳುವುದಿಲ್ಲವೆಂದರು.

ತೆಂಬಾವಾಯ್‌ಗೆ ನೋರಿಟಾ ಹೊರಟ ದಿನ ಇಂದಾಯ್ ತಾವೂ ಬರುತ್ತೇನೆಂದರು. ಎಲ್ವಿನಾ ಬಿಡಲಿಲ್ಲ, ಅವಳೂ ಹೊರಟಳು. ಅವಳು ಹೊರಟ ಮೇಲೆ ಔಷಧಿಯ ಚೀಲ ಹೊತ್ತು ನಾನೂ. ಬಂಡೆಗಳ ಹತ್ತಿರ ದೋಣಿ ತಳ ಹಿಡಿಯಿತು. ಗಂಡಸರು ಇಳಿದರು. ಇಂದಾಯ್ ಬರಿದಾದ ತೊಡೆಯ ಮೇಲೆ ಕೈಗಳನ್ನು ಒಂದರೊಳಗೊಂದು ಸಿಕ್ಕಿಸಿ ಬಿಗಿಹಿಡಿದು ಕೂತಿದ್ದರು. ನೀರಿನ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಏನೂ ಕೂಗಲಿಲ್ಲ. ದೋಣಿ ದಾಟಿತು.

ಎಂಗ್ಕಬಾಂಗ್ ಮರದ ಬುಡದಲ್ಲಿ, ಆ ಒಲೆಯ ಗುಪ್ಪೆಯ ಪಕ್ಕದಲ್ಲಿ ಕೂತೆವು. ನೋರಿಟಾ ತನ್ನ ಯಂತ್ರ ಬಿಚ್ಚಿ, ಕಿವಿಗೆ ಹಾಕುವ ದೊಡ್ಡ ಬಿಲ್ಲೆಗಳನ್ನು ಮೊದಲು ಎಲ್ವಿನಾಗೆ, ಆಮೇಲೆ ಅವಳ ಅಜ್ಜಿಗೆ ಹಾಕಿ ತೋರಿಸಿದಳು. ಇಂದಾಯ್ ತಲೆಗೆ ಅದು ದೊಡ್ಡದಾಯಿತು, ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡರು. ಆಗಲೇ ಕೂಗಿತು.

ಮೊದಲು ಒಂದು ಉದ್ದನೆಯ ಸಿಳ್ಳೆ. ಇಂದಾಯ್ ಕೈ ಕಿವಿ ಬಿಟ್ಟು ತೊಡೆಗೆ ಇಳಿಯಿತು, ಅಲ್ಲಿಲ್ಲದ ಜಾಗಟೆಯನ್ನು ತಡಕಿತು. ಬಿಲ್ಲೆಗಳು ಜಾರತೊಡಗಿದವು. ಎಲ್ವಿನಾ ಮೊಣಕಾಲೂರಿ ಅವನ್ನು ಮತ್ತೆ ಅಜ್ಜಿಯ ಕಿವಿಗೆ ಒತ್ತಿ ಹಿಡಿದಳು. ಸಿಳ್ಳೆ ಮುಗಿದ ಮೇಲೆ, ನಾವೆಲ್ಲ ಮುಗಿಯಿತೆಂದುಕೊಂಡ ಮೇಲೆ, ಸಣ್ಣ ಸಣ್ಣ ಸಿಳ್ಳೆಗಳು ಶುರುವಾದವು. ಮೆಟ್ಟಿಲು ಹತ್ತಿದಂತೆ, ಒಂದರ ಬೆನ್ನಿಗೆ ಒಂದು, ಮೇಲೆ ಮೇಲೆ, ತುಂಬ ಹೊತ್ತು. ಆಮೇಲೆ ಮೆಲ್ಲಗೆ ತೆಳುವಾಗುತ್ತ ಮರಗಳೊಳಗೆ ಹೋಯಿತು.

ಇಂದಾಯ್ ಬಹಳ ಹೊತ್ತು ಬಿಲ್ಲೆ ತೆಗೆಯಲಿಲ್ಲ.

"ಇನ್ನೂ ಇತ್ತಾ ಅದು?" ಎಂದರು ಕೊನೆಗೆ. "ಆ ಸಿಳ್ಳೆ ಆದ್ಮೇಲೆ... ಇಷ್ಟು ಇತ್ತಾ?"

"ಇದೇ ಪೂರ್ತಿ ಕೂಗು ಇನಿ" ಎಂದಳು ನೋರಿಟಾ. ಅವಳೂ ಅವರನ್ನು ಮಗುವಿನಂತೆ ಇನಿ, ಅಂದರೆ ಅಜ್ಜಿ, ಎಂದೇ ಕರೆಯುತ್ತಿದ್ದಳು.

"ನಾವು ಅರ್ಧಕ್ಕೇ ಓಡಿಬಿಟ್ವಿ." ಬಿಲ್ಲೆ ಕೆಳಗಿಟ್ಟು ಕೇಳಿದರು, "ಯಾವ ಕಡೆಯಿಂದ ಕೂಗ್ತು ಮಗಳೇ? ಎಡಗಡೆಯಿಂದಾನಾ?"

ನೋರಿಟಾ ಯಂತ್ರ ನೋಡಿದಳು, ಅವರನ್ನು ನೋಡಿದಳು. "ಇದಕ್ಕೆ ಎಡ ಬಲ ಗೊತ್ತಾಗಲ್ಲ ಇನಿ. ಎರಡೂ ಕಿವೀಲಿ ಒಂದೇ ಥರ ಕೇಳತ್ತೆ."

ಇಂದಾಯ್ ಆ ಗುಪ್ಪೆಯ ಮೇಲೆ ಅಂಗೈ ಊರಿ ಕೂತಿದ್ದರು, ಎಲ್ವಿನಾಳ ಬೆನ್ನ ಮೇಲೆ ಇಡುವ ಹಾಗೆಯೇ. ಗಾರಾಯ್‌ನ ಹೆಸರು ಅವರ ಬಾಯಿಂದ ಬರಲಿಲ್ಲ. ನಾನು ಬೇಕೆಂದೇ ಬೇರೆ ಕಡೆ ನೋಡಿದೆ.

ಆ ಸಲದ ವರದಿ ಒಪ್ಪಿಗೆಯಾಯಿತು. ತೆಂಬಾವಾಯ್‌ನ ಹಳೆಯ ಮರಗಳಲ್ಲಿ ಎಂಬುವಾಸ್ ಮಾತ್ರವಲ್ಲ, ಬೇರೆ ಬೇರೆ ಹಕ್ಕಿಗಳು ಗೂಡುಕಟ್ಟುತ್ತವೆಂದು ತಿಳಿದು, ಕಟ್ಟೆಯ ಜಾಗವನ್ನೇ ಬದಲಿಸಿದರು. ತೆಂಬಾವಾಯ್‌ಗಿಂತ ಮೇಲೆ, ಕಿರಿದಾದ ಕಣಿವೆಯಲ್ಲಿ ತಗ್ಗಾದ ಒಡ್ಡು. ಅಲ್ಲಿಂದ ಕೊಳವೆಯಲ್ಲಿ ನೀರು ಇಳಿಸಿ ಕೆಳಗೆ ಕರೆಂಟು ತೆಗೆಯುವುದು. ಮರಗಳು ಉಳಿಯುತ್ತವೆ, ಒಲೆಯೂ ಉಳಿಯುತ್ತದೆ. ಕರೆಂಟು ಮೊದಲು ಹೇಳಿದಷ್ಟು ಇಲ್ಲ, ಆದರೆ ನಮ್ಮ ಹೊಳೆಗೆ ಸಾಕು. ಹೊಸ ಜಾಗ, ಹೊಸ ನಕ್ಷೆ, ಹೊಸ ದಾರಿ ಎಂದು ಮತ್ತೆ ತಡ. ಈಗ ಕಂಬಗಳು ಬಂದಿವೆ. ಹೊಳೆಯ ಈಚೆ ದಂಡೆಯವರೆಗೆ ನಿಂತಿವೆ, ತಂತಿಯಿಲ್ಲದೆ. ಇಂದಾಯ್ ಬೆಳಗ್ಗೆ ಬಟ್ಟೆ ಒಗೆಯಲು ಇಳಿದಾಗ ಅವುಗಳನ್ನು ನೋಡಿ ನಿಲ್ಲುತ್ತಾರಂತೆ. ಮಳೆಗಾಲದೊಳಗೆ ತಂತಿ ಎಳೆಯುತ್ತಾರೆಂದು ಒಬ್ಬರು, ಕಳೆದ ಸಲವೂ ಹೀಗೇ ಅಂದಿದ್ದರೆಂದು ಇನ್ನೊಬ್ಬರು. ಎಲ್ವಿನಾಗೆ ಈ ವರ್ಷ ಶಾಲೆ ಶುರು. ಸಿಬುವಿನಲ್ಲಿ ಸೇರಿಸಲೋ, ಕಾಯಲೋ ಎಂದು ನನಗೆ ಊಟ ಸೇರುವುದಿಲ್ಲ.

ನೋರಿಟಾ ಆ ಕೂಗನ್ನು ನನ್ನ ಫೋನಿಗೆ ಕಳಿಸಿದ್ದಳು. ಎದೆ ಕಟ್ಟಿದಾಗ ಎಲ್ವಿನಾ ಯಂತ್ರದ ಮುಖವಾಡ ಹಾಕಿಕೊಂಡು ಅದನ್ನು ಕೇಳುತ್ತಾಳೆ. ಆ ಸಣ್ಣ ಸಿಳ್ಳೆಗಳು ಮೆಟ್ಟಿಲು ಹತ್ತುವಾಗ ಅವಳೂ ಅವುಗಳ ಜೊತೆ ಉಸಿರು ಎಳೆಯುತ್ತಾಳೆ. ಇದನ್ನು ಯಾರೂ ಹೇಳಿಕೊಟ್ಟಿಲ್ಲ.

ಹೋದ ಭಾನುವಾರ ಇಂದಾಯ್ ಗುಡ್ಡದ ಮೇಲಿಂದ ಮಾತಾಡಿದರು. ಮೊಮ್ಮಗಳು ಹಕ್ಕಿಯನ್ನು ಕೇಳುತ್ತ ಕೂತಿದ್ದಾಳೆಂದು ನಾನು ಹೇಳಿದೆ. ಫೋನು ಮಗುವಿಗೆ ಕೊಡು ಎಂದರು. ಎಲ್ವಿನಾ ಫೋನನ್ನು ಎಡಗಿವಿಗೆ ಇಟ್ಟುಕೊಂಡಿದ್ದಳು.

"ಯಾವ ಕಡೆಯಿಂದ ಕೂಗ್ತು ಪುಟ್ಟ ಅದು?"

ಮಗಳು ನನ್ನ ಮುಖ ನೋಡಿದಳು. ಅವಳು ಫೋನನ್ನು ಮೆಲ್ಲಗೆ ಎಡಗಿವಿಯಿಂದ ತೆಗೆದು ಬಲಗಿವಿಗೆ ಇಟ್ಟುಕೊಂಡಳು.

"ಬಲಗಡೆಯಿಂದ, ಇನಿ."

"ಹಾಗಾದ್ರೆ ಬಾ" ಎಂದರು ಇಂದಾಯ್. "ಚಾಪೆ ಹಾಸಿದೀನಿ."